ಮಾತ್ರೆಯೋ ಕೀಮೋವೋ ಎಂದು ಕೇಳುವ ಮೊದಲು

(ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಶರಣ ಬಂಧುಗಳು ನಡೆಸುವ ಮಾಸಿಕ ಚಿಂತನಗೋಷ್ಠಿಯಲ್ಲಿ ವೈದ್ಯರೊಬ್ಬರು ಆಡಿದ ಮಾತುಗಳ ಬರಹರೂಪ)

 

ಈ ಗೋಷ್ಠಿಯಲ್ಲಿ ಸಾಮಾನ್ಯವಾಗಿ ವಚನಗಳ ಮೇಲೆ ಮಾತು ನಡೆಯುತ್ತದೆ. ನನ್ನನ್ನು ಕರೆದ ಸಂಚಾಲಕರು ಬೇರೆಯದೇ ಕೆಲಸ ಕೊಟ್ಟರು. "ಡಾಕ್ಟ್ರೇ, ನಮ್ಮ ಪರಿಚಯದವರಲ್ಲೇ ಮೂರು ಮನೆಯವರು ಶ್ವಾಸಕೋಶದ ಕ್ಯಾನ್ಸರ್ ಅಂತ ಬೆಂಗಳೂರು, ಹುಬ್ಬಳ್ಳಿ ಅಡ್ಡಾಡ್ತಿದ್ದಾರೆ. ಒಬ್ಬರಿಗೆ ಬರೀ ಮಾತ್ರೆ ಕೊಟ್ಟಿದ್ದಾರೆ, ಒಬ್ಬರಿಗೆ ಕೀಮೋ, ಇನ್ನೊಬ್ಬರಿಗೆ ಎರಡೂ. ರೋಗ ಒಂದೇ ಅಂದಮೇಲೆ ಔಷಧ ಯಾಕೆ ಮೂರು ಥರ? ಜನ ಒಂದೊಂದು ಹೇಳ್ತಾರೆ. ಅದನ್ನ ಬಿಡಿಸಿ ಹೇಳ್ರಿ" ಎಂದರು. ನಾನು ಕ್ಯಾನ್ಸರ್ ತಜ್ಞನಲ್ಲ, ಕೆಮ್ಮು ದಮ್ಮು ನೋಡುವ ವೈದ್ಯ. ಆದರೆ ಈ ರೋಗದವರು ಮೊದಲು ಬರುವುದು ನಮ್ಮಂಥವರ ಹತ್ತಿರವೇ. ದೊಡ್ಡ ಆಸ್ಪತ್ರೆಯಿಂದ ಫೈಲು ಹಿಡಿದುಕೊಂಡು ವಾಪಸ್ಸು ಬಂದಾಗ "ಇದರಲ್ಲೇನು ಬರೆದಿದ್ದಾರೆ ಓದಿ ಹೇಳ್ರಿ" ಎಂದು ಕೇಳುವುದೂ ನಮ್ಮನ್ನೇ. ಹಾಗೆ ಓದಿ ಹೇಳುವಾಗ ಹೇಳುವ ಮಾತನ್ನೇ ಇಲ್ಲಿ ಹೇಳುತ್ತೇನೆ.

ರೋಗ ಒಂದೇ ಅಲ್ಲ ಎಂಬುದರಿಂದ ಆರಂಭಿಸೋಣ. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಎರಡು ದೊಡ್ಡ ಕವಲುಗಳಿವೆ. ನೂರಕ್ಕೆ ಸುಮಾರು 85ರಷ್ಟು ಒಂದು ಕವಲಿಗೆ ಸೇರುತ್ತವೆ, ಅದಕ್ಕೆ 'ನಾನ್ ಸ್ಮಾಲ್ ಸೆಲ್' ಎನ್ನುತ್ತಾರೆ. ಅದರೊಳಗೂ ಅಡಿನೋಕಾರ್ಸಿನೋಮ, ಸ್ಕ್ವೇಮಸ್ ಎಂಬ ಬಗೆಗಳಿವೆ. ನಾನು ಇವತ್ತು ಹೇಳುವುದು ಹೆಚ್ಚಾಗಿ ಅಡಿನೋಕಾರ್ಸಿನೋಮ ಕುರಿತು, ಅದೂ ನಾಲ್ಕನೆಯ ಹಂತದ್ದು. ಎದೆಗೂಡಿನಲ್ಲಿ ನೀರು ತುಂಬಿದೆ, ಇಲ್ಲವೇ ಮೂಳೆಗೆ, ಯಕೃತ್ತಿಗೆ, ಮಿದುಳಿಗೆ ಹೋಗಿದೆ ಎಂದರೆ ಅದು ನಾಲ್ಕನೆಯ ಹಂತ. ಆಪರೇಷನ್ ಮಾಡಿ ತೆಗೆಯುವ ಕಾಲ ದಾಟಿರುತ್ತದೆ. ನಮ್ಮಲ್ಲಿ ಬರುವವರಲ್ಲಿ ಹೆಚ್ಚಿನವರು ಈ ಹಂತದಲ್ಲೇ ಬರುತ್ತಾರೆ. ಯಾಕೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಕೀಮೋ ಏನು ಮಾಡುತ್ತದೆ? ಬೇಗ ಬೇಗ ಒಡೆದು ಬೆಳೆಯುವ ಜೀವಕೋಶಗಳನ್ನೆಲ್ಲ ಹೊಡೆಯುತ್ತದೆ. ಕ್ಯಾನ್ಸರ್ ಕೋಶ ಬೇಗ ಬೆಳೆಯುತ್ತದೆ, ಅದು ಸಾಯುತ್ತದೆ. ಆದರೆ ಕೂದಲಿನ ಬುಡ, ಬಾಯಿ ಮತ್ತು ಕರುಳಿನ ಒಳಪದರ, ರಕ್ತ ತಯಾರಾಗುವ ಮೂಳೆಯ ಮಜ್ಜೆ, ಇವೂ ಬೇಗ ಬೆಳೆಯುವಂಥವೇ. ಆದ್ದರಿಂದ ಅವಕ್ಕೂ ಪೆಟ್ಟು. ಕೂದಲು ಉದುರುವುದು, ವಾಂತಿ, ಬಾಯಿ ಹುಣ್ಣು, ರಕ್ತ ಇಳಿಯುವುದು ಎಲ್ಲ ಇದರಿಂದಲೇ. ಹೊಲದಲ್ಲಿ ಕಳೆ ಜಾಸ್ತಿಯಾಯಿತೆಂದು ಬೆಳೆ ನಿಂತಿರುವಾಗಲೇ ಕುಂಟೆ ಹೊಡೆದ ಹಾಗೆ, ಸ್ವಲ್ಪ ಬೆಳೆಗೂ ತಾಗುತ್ತದೆ. ಆದರೂ ಹೊಡೆಯುತ್ತೇವೆ, ಯಾಕೆಂದರೆ ಬಿಟ್ಟರೆ ಹೊಲವೇ ಹೋಗುತ್ತದೆ. ಶ್ವಾಸಕೋಶಕ್ಕೆ ಸಾಮಾನ್ಯವಾಗಿ ಕಾರ್ಬೋಪ್ಲಾಟಿನ್ ಅಥವಾ ಸಿಸ್ಪ್ಲಾಟಿನ್, ಅದರ ಜೊತೆಗೆ ಪೆಮೆಟ್ರೆಕ್ಸೆಡ್ ಅಥವಾ ಪ್ಯಾಕ್ಲಿಟ್ಯಾಕ್ಸೆಲ್ ಕೊಡುತ್ತಾರೆ. ಇಪ್ಪತ್ತೊಂದು ದಿನಕ್ಕೊಮ್ಮೆ, ನಾಲ್ಕರಿಂದ ಆರು ಸಲ.

ಟಾರ್ಗೆಟೆಡ್ ಥೆರಪಿ, ಅಂದರೆ ಗುರಿಯಿಟ್ಟು ಕೊಡುವ ಚಿಕಿತ್ಸೆ, ಬೇರೆ ದಾರಿ ಹಿಡಿಯುತ್ತದೆ. ನಿಮ್ಮಲ್ಲಿ ಬಹಳ ಜನ ತೋಟದವರು, ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್ ಗೊತ್ತಲ್ಲ. ಕರೆಂಟ್ ಬಂದ ಕೂಡಲೇ ಮೋಟರು ತಾನೇ ಓಡುತ್ತದೆ, ನಾವು ಹೋಗಿ ಬಂದ್ ಮಾಡಿದರೆ ನಿಲ್ಲಬೇಕು. ಸ್ವಿಚ್ಚೇ ಒಳಗೆ ಅಂಟಿಕೊಂಡುಬಿಟ್ಟರೆ? ಬಂದ್ ಮಾಡಿದರೂ ನಿಲ್ಲುವುದಿಲ್ಲ, ಮೋಟರು ಓಡುತ್ತಲೇ ಇರುತ್ತದೆ. ನಮ್ಮ ಜೀವಕೋಶದ ಮೇಲೆ 'ಬೆಳೆ', 'ನಿಲ್ಲು' ಎಂದು ಹೇಳುವ ಇಂಥ ಸ್ವಿಚ್ಚುಗಳಿವೆ. ಅವುಗಳಲ್ಲಿ ಒಂದರ ಹೆಸರು ಇ.ಜಿ.ಎಫ್.ಆರ್. ಕೆಲವರ ಕ್ಯಾನ್ಸರಿನಲ್ಲಿ ಆ ಸ್ವಿಚ್ಚಿನ ಜೀನಿನಲ್ಲಿ ದೋಷವಾಗಿ ಅದು 'ಬೆಳೆ' ಎಂಬಲ್ಲಿಗೇ ಅಂಟಿಕೊಂಡಿರುತ್ತದೆ. ಈ ದೋಷವನ್ನು ಅಮೆರಿಕದ ವಿಜ್ಞಾನಿಗಳು 2004ರಲ್ಲಿ ಕಂಡುಹಿಡಿದರು. ಇನ್ನೊಂದು ಸ್ವಿಚ್ಚಿನ ಹೆಸರು ಎ.ಎಲ್.ಕೆ., ಅದರ ದೋಷವನ್ನು 2007ರಲ್ಲಿ ಜಪಾನಿನವರು ಕಂಡರು. ಆಮೇಲೆ ಇನ್ನೂ ಕೆಲವು ಸಿಕ್ಕಿವೆ. ಜೆಫಿಟಿನಿಬ್, ಎರ್ಲೋಟಿನಿಬ್, ಆಸಿಮರ್ಟಿನಿಬ್ ಎಂಬ ಮಾತ್ರೆಗಳು ಇ.ಜಿ.ಎಫ್.ಆರ್. ಸ್ವಿಚ್ಚಿನೊಳಗೆ ಹೋಗಿ ಕೂತು ಅದನ್ನು ಬಂದ್ ಮಾಡುತ್ತವೆ. ದಿನಕ್ಕೊಂದು ಮಾತ್ರೆ, ಮನೆಯಲ್ಲೇ.

ಇಷ್ಟು ಕೇಳಿದರೆ "ಹಾಗಾದರೆ ಮಾತ್ರೆಯೇ ಒಳ್ಳೆಯದಲ್ಲವೇ, ಕೀಮೋ ಯಾಕೆ" ಎನ್ನಿಸುತ್ತದೆ. ಇಲ್ಲಿಯೇ ಜನ ಎಡವುವುದು.

2009ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ, ಹೆಸರು ಐಪಾಸ್. ಪೂರ್ವ ಏಷ್ಯಾದ ದೇಶಗಳ 1217 ರೋಗಿಗಳು. ಎಲ್ಲರಿಗೂ ಅಡಿನೋಕಾರ್ಸಿನೋಮ, ಎಲ್ಲರೂ ಬೀಡಿ ಸಿಗರೇಟು ಮುಟ್ಟದವರು ಅಥವಾ ಬಹಳ ಕಡಿಮೆ ಸೇದಿ ಬಿಟ್ಟವರು. ಅರ್ಧ ಜನರಿಗೆ ಜೆಫಿಟಿನಿಬ್ ಮಾತ್ರೆ, ಅರ್ಧ ಜನರಿಗೆ ಕೀಮೋ. ಜೀನಿನ ದೋಷ ಇದ್ದವರಲ್ಲಿ ಮಾತ್ರೆಯಿಂದ ಗಡ್ಡೆ ಕುಗ್ಗಿದ್ದು ನೂರಕ್ಕೆ 71 ಜನರಲ್ಲಿ, ಕೀಮೋದಿಂದ 47 ಜನರಲ್ಲಿ. ಮಾತ್ರೆ ಗೆದ್ದಿತು. ಆ ದೋಷ ಇಲ್ಲದವರಲ್ಲಿ ಏನಾಯಿತು? ಕೀಮೋದಿಂದ ನೂರಕ್ಕೆ 23 ಜನರಿಗೆ ಗಡ್ಡೆ ಕುಗ್ಗಿತು, ಮಾತ್ರೆಯಿಂದ ಬರೀ ಒಬ್ಬರಿಗೆ. ನೂರಕ್ಕೆ ಒಬ್ಬರು! ಅಂಥವರಿಗೆ ಮಾತ್ರೆ ಕೊಟ್ಟು ಕೂತರೆ ಎರಡು ತಿಂಗಳು ಹಾಳಾಗುತ್ತದೆ, ರೋಗ ಮುಂದೆ ಹೋಗುತ್ತದೆ. ಅಂಟಿಕೊಂಡಿರುವುದು ಆ ಸ್ವಿಚ್ಚೇ ಅಲ್ಲದಿದ್ದರೆ ಅದನ್ನು ಎಷ್ಟು ಒತ್ತಿದರೂ ಮೋಟರು ನಿಲ್ಲುವುದಿಲ್ಲ, ಅಷ್ಟೇ.

ಗಮನಿಸಿ, ಈ ರೋಗಿಗಳನ್ನು ಹೊರಗಿನಿಂದ ನೋಡಿದರೆ ಎಲ್ಲರೂ ಒಂದೇ ಥರ. ಯಾರಿಗೆ ದೋಷ ಇದೆ, ಯಾರಿಗೆ ಇಲ್ಲ ಎಂದು ಮುಖ ನೋಡಿ, ಎಕ್ಸ್‌ರೇ ನೋಡಿ, ನಾಡಿ ಹಿಡಿದು ಯಾರೂ ಹೇಳಲಾರರು. ಗಡ್ಡೆಯ ತುಣುಕನ್ನು ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗುತ್ತದೆ. ಹಾಗಾಗಿ ಮಾತ್ರೆ ಒಳ್ಳೆಯದೋ ಕೀಮೋ ಒಳ್ಳೆಯದೋ ಎಂಬ ಪ್ರಶ್ನೆಗೆ ಪರೀಕ್ಷೆಯ ಮೊದಲು ಉತ್ತರವೇ ಇಲ್ಲ. "ನಮ್ಮ ಬೀಗರಿಗೆ ಇದೇ ಮಾತ್ರೆ ಕೊಟ್ಟಿದ್ದರು, ಅವರು ಚೆನ್ನಾಗಿ ಆದರು, ಉಳಿದ ಮಾತ್ರೆ ನಮಗೆ ಕೊಟ್ಟಿದ್ದಾರೆ" ಎಂದು ತರುವವರಿದ್ದಾರೆ. ಬೀಗರ ಪ್ರೀತಿ ದೊಡ್ಡದು. ಆದರೆ ಬೀಗರ ಗಡ್ಡೆಯ ರಿಪೋರ್ಟು ನಿಮ್ಮ ಗಡ್ಡೆಗೆ ಹೊಂದುವುದಿಲ್ಲ.

ನಮ್ಮ ದೇಶದಲ್ಲಿ ಅಡಿನೋಕಾರ್ಸಿನೋಮ ಬಂದವರಲ್ಲಿ ಸುಮಾರು ಕಾಲು ಭಾಗದವರಿಗೆ ಇ.ಜಿ.ಎಫ್.ಆರ್. ದೋಷ ಸಿಗುತ್ತದೆ. ಎ.ಎಲ್.ಕೆ. ಸಿಗುವುದು ಅದಕ್ಕಿಂತ ಬಹಳ ಕಡಿಮೆ ಜನರಲ್ಲಿ, ಆದರೆ ಸಿಕ್ಕವರಿಗೆ ಒಳ್ಳೊಳ್ಳೆಯ ಮಾತ್ರೆಗಳಿವೆ. 2014ರ ಅಧ್ಯಯನವೊಂದರಲ್ಲಿ ಎ.ಎಲ್.ಕೆ. ಇದ್ದವರಿಗೆ ಕ್ರಿಜೋಟಿನಿಬ್ ಕೊಟ್ಟಾಗ ರೋಗ ಹತೋಟಿಯಲ್ಲಿದ್ದದ್ದು 10.9 ತಿಂಗಳು, ಕೀಮೋದಿಂದ 7 ತಿಂಗಳು. ಈಗ ಅದಕ್ಕಿಂತ ಮುಂದಿನ ಮಾತ್ರೆಗಳು ಬಂದಿವೆ.

ಈ ತಿಂಗಳ ಲೆಕ್ಕವನ್ನು ಜನ ತಪ್ಪು ತಿಳಿಯುತ್ತಾರೆ, ಅದಕ್ಕೆ ಎರಡು ನಿಮಿಷ ಕೊಡುತ್ತೇನೆ. "ಹತ್ತು ತಿಂಗಳು" ಎಂದು ಕಾಗದದಲ್ಲಿ ಬರೆದಿದ್ದರೆ ಹತ್ತನೆಯ ತಿಂಗಳಿಗೆ ಮನುಷ್ಯ ಹೋಗುತ್ತಾನೆ ಎಂದಲ್ಲ. ಮೊದಲನೆಯದಾಗಿ ಅದು ಬಹಳ ಸಲ ರೋಗ ಮತ್ತೆ ಬೆಳೆಯದೆ ನಿಂತಿದ್ದ ಕಾಲ, ಆಯುಸ್ಸಲ್ಲ. ಎರಡನೆಯದಾಗಿ ಅದು ನಡುವಿನ ಸಂಖ್ಯೆ. ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ಐವತ್ತು ಜನರಿಗೆ ಅದಕ್ಕಿಂತ ಕಡಿಮೆ, ಐವತ್ತು ಜನರಿಗೆ ಅದಕ್ಕಿಂತ ಹೆಚ್ಚು. ಕೆಲವರಿಗೆ ಮೂರು ತಿಂಗಳು, ಕೆಲವರಿಗೆ ನಾಲ್ಕು ವರ್ಷ. ನಮ್ಮ ಮನೆಯವರು ಆ ಸಾಲಿನಲ್ಲಿ ಎಲ್ಲಿದ್ದಾರೆ ಎಂದು ಯಾವ ಡಾಕ್ಟರೂ ಬೆರಳಿಟ್ಟು ತೋರಿಸಲಾರ. ಹಾಗೆ ತೋರಿಸುವವರನ್ನು ನಂಬಬೇಡಿ, ಅವರು ಬಿಳಿ ಕೋಟು ಹಾಕಿರಲಿ, ಬೇರೆ ಬಟ್ಟೆ ಹಾಕಿರಲಿ.

ಈಗ ನಮ್ಮ ದೇಶದ್ದೇ ಕೆಲಸ ಹೇಳುತ್ತೇನೆ, ಯಾಕೆಂದರೆ ಇದು ನಮಗೆ ನೇರ ಸಂಬಂಧಪಟ್ಟದ್ದು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇ.ಜಿ.ಎಫ್.ಆರ್. ದೋಷವಿದ್ದ 290 ಭಾರತೀಯ ರೋಗಿಗಳಿದ್ದರು. ಜೆಫಿಟಿನಿಬ್‌ನಿಂದ ರೋಗ ಹತೋಟಿಯಲ್ಲಿದ್ದದ್ದು 8.4 ತಿಂಗಳು, ಕೀಮೋದಿಂದ 5.6 ತಿಂಗಳು. ಅದಾದ ಮೇಲೆ ಅದೇ ಆಸ್ಪತ್ರೆಯವರು ಇನ್ನೊಂದು ಪ್ರಶ್ನೆ ಕೇಳಿಕೊಂಡರು: ಎರಡನ್ನೂ ಎದುರಾಳಿಗಳಂತೆ ಯಾಕೆ ನಿಲ್ಲಿಸಬೇಕು, ಕೂಡಿಸಿ ಕೊಟ್ಟರೆ? ದೋಷವಿದ್ದ 350 ರೋಗಿಗಳನ್ನು ತೆಗೆದುಕೊಂಡು ಅರ್ಧ ಜನರಿಗೆ ಬರೀ ಜೆಫಿಟಿನಿಬ್, ಅರ್ಧ ಜನರಿಗೆ ಜೆಫಿಟಿನಿಬ್ ಜೊತೆಗೆ ಪೆಮೆಟ್ರೆಕ್ಸೆಡ್, ಕಾರ್ಬೋಪ್ಲಾಟಿನ್ ಕೀಮೋ ಕೊಟ್ಟರು. 2020ರಲ್ಲಿ ಪ್ರಕಟವಾಯಿತು. ಬರೀ ಮಾತ್ರೆಯವರಿಗೆ 8 ತಿಂಗಳು, ಎರಡೂ ಪಡೆದವರಿಗೆ 16 ತಿಂಗಳು. ಬರೀ ಹತೋಟಿಯ ಕಾಲವಲ್ಲ, ಆಯುಸ್ಸೂ ಹೆಚ್ಚಿತು. ಆದರೆ ತೀವ್ರವಾದ ಅಡ್ಡಪರಿಣಾಮವೂ ಇಮ್ಮಡಿ: ಬರೀ ಮಾತ್ರೆಯಲ್ಲಿ ನೂರಕ್ಕೆ 25 ಜನರಿಗೆ, ಎರಡೂ ಕೂಡಿದಾಗ 51 ಜನರಿಗೆ.

ಸಂಚಾಲಕರು ಹೇಳಿದ ಮೂರನೆಯ ಮನೆಯವರಿಗೆ 'ಎರಡೂ' ಯಾಕೆ ಕೊಟ್ಟಿರಬಹುದು ಎಂಬುದಕ್ಕೆ ಉತ್ತರ ಇದೇ. ಗಟ್ಟಿ ಇದ್ದಾರೆ, ಕಿಡ್ನಿ ಚೆನ್ನಾಗಿದೆ, ಓಡಾಡುತ್ತಾರೆ, ರೋಗ ಬಹಳ ಹರಡಿದೆ ಎಂದರೆ ತಜ್ಞರು ಎರಡನ್ನೂ ಕೂಡಿಸುವ ಯೋಚನೆ ಮಾಡುತ್ತಾರೆ. ಎಂಬತ್ತು ದಾಟಿದ ಅಜ್ಜ ಹಾಸಿಗೆ ಹಿಡಿದಿದ್ದರೆ, ಜೀನಿನ ದೋಷ ಇದ್ದರೆ, ಮಾತ್ರೆಯೊಂದೇ ಕೊಡುತ್ತಾರೆ. ಅಂಥವರು ಕೀಮೋ ತಡೆಯಲಾರರು, ಮಾತ್ರೆಯಿಂದ ಮತ್ತೆ ಎದ್ದು ಕೂತದ್ದನ್ನು ನಾನು ಕಂಡಿದ್ದೇನೆ.

ಆಸಿಮರ್ಟಿನಿಬ್ ಎಂಬುದು ಹೊಸ ತಲೆಮಾರಿನ ಮಾತ್ರೆ. ಅದನ್ನು ಹಳೆಯ ಮಾತ್ರೆಗಳ ಜೊತೆ ಹೋಲಿಸಿದ ಫ್ಲೋರಾ ಎಂಬ ಅಧ್ಯಯನದಲ್ಲಿ ರೋಗ ಹತೋಟಿಯಲ್ಲಿದ್ದದ್ದು 18.9 ತಿಂಗಳು, ಹಳೆಯವುಗಳಲ್ಲಿ 10.2. ಬದುಕಿದ ಕಾಲ 38.6 ತಿಂಗಳು ಮತ್ತು 31.8 ತಿಂಗಳು. ಮಿದುಳಿಗೆ ಹರಡಿದ ರೋಗದ ಮೇಲೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಇದಕ್ಕೂ ಕೀಮೋ ಸೇರಿಸಿ ನೋಡಿದ್ದಾರೆ, ಅಲ್ಲೂ ಕೂಡಿಸಿದ್ದೇ ಮೇಲಾಯಿತು.

ಆದರೆ ಮಾತ್ರೆಯ ಕೆಲಸವೂ ಶಾಶ್ವತವಲ್ಲ. ಒಂದು ದಿನ ಕ್ಯಾನ್ಸರ್ ಬೇರೆ ವೈರು ಎಳೆದುಕೊಂಡು ಮೋಟರು ಓಡಿಸಲು ಕಲಿಯುತ್ತದೆ. ಹಳೆಯ ಮಾತ್ರೆ ತೆಗೆದುಕೊಂಡವರಲ್ಲಿ ಸುಮಾರು ಅರ್ಧ ಜನರಿಗೆ ಟಿ790ಎಂ ಎಂಬ ಹೊಸ ದೋಷ ಕಾಣಿಸಿಕೊಳ್ಳುತ್ತದೆ, ಅದಕ್ಕೆ ಆಸಿಮರ್ಟಿನಿಬ್ ಕೆಲಸ ಮಾಡುತ್ತದೆ. ಆಗ ಮತ್ತೆ ಪರೀಕ್ಷೆ ಮಾಡಬೇಕಾಗುತ್ತದೆ, ಬಹಳ ಸಲ ರಕ್ತದಿಂದಲೇ ಆಗುತ್ತದೆ. ಯಾವುದೂ ಸಿಗದಿದ್ದರೆ ಕೀಮೋ ಇದೆ. ಯಾವ ದೋಷವೂ ಇಲ್ಲದವರಿಗೆ ಕೀಮೋ ಜೊತೆಗೆ ಇಮ್ಯುನೋಥೆರಪಿ ಎಂಬ ಮತ್ತೊಂದು ದಾರಿ ಇದೆ. ಅದು ಇವತ್ತಿನ ವಿಷಯವಲ್ಲ. ಒಂದು ಮಾತು ಮಾತ್ರ: ಜೀನಿನ ರಿಪೋರ್ಟು ಬರುವ ಮೊದಲೇ ಅವಸರದಲ್ಲಿ ಇಮ್ಯುನೋಥೆರಪಿ ಕೊಟ್ಟು, ಆಮೇಲೆ ದೋಷ ಸಿಕ್ಕಿತೆಂದು ಆಸಿಮರ್ಟಿನಿಬ್ ಕೊಟ್ಟರೆ ಶ್ವಾಸಕೋಶದ ಉರಿಯೂತದ ಅಪಾಯ ಹೆಚ್ಚು. ರಿಪೋರ್ಟಿಗೆ ಒಂದರಿಂದ ಮೂರು ವಾರ ಹಿಡಿಯಬಹುದು. ಕಾಯಲು ಆಗದಷ್ಟು ಏದುಸಿರಿದ್ದರೆ ಕೀಮೋ ಆರಂಭಿಸಿ, ರಿಪೋರ್ಟು ಬಂದ ಮೇಲೆ ಮಾತ್ರೆಗೆ ಬದಲಾಯಿಸುತ್ತಾರೆ. ಅದನ್ನು ಕಂಡು "ಡಾಕ್ಟ್ರು ದಿನಕ್ಕೊಂದು ಹೇಳ್ತಾರೆ" ಎನ್ನಬಾರದು.

ಇನ್ನು ನನಗೆ ಬಹಳ ದಿನದಿಂದ ಹೇಳಬೇಕೆನಿಸಿದ ವಿಷಯಕ್ಕೆ ಬರುತ್ತೇನೆ. ಶ್ವಾಸಕೋಶದ ಕ್ಯಾನ್ಸರ್ ಎಂದರೆ ಬೀಡಿ ಸೇದುವವರ ರೋಗ ಎಂಬುದು ನಮ್ಮ ತಲೆಯಲ್ಲಿ ಕೂತಿದೆ. ಬೀಡಿ ಸಿಗರೇಟೇ ದೊಡ್ಡ ಕಾರಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜೀವಮಾನದಲ್ಲಿ ಒಮ್ಮೆಯೂ ಬೀಡಿ ಮುಟ್ಟದವರು ಇದಕ್ಕೆ ತುತ್ತಾಗುವುದು ನಮ್ಮ ದೇಶದಲ್ಲಿ ಕಡಿಮೆಯೇನಲ್ಲ. ಅವರಲ್ಲಿ ಹೆಣ್ಣುಮಕ್ಕಳು ಬಹಳ. ಹೊರಗಿನ ಗಾಳಿಯ ಮಾಲಿನ್ಯ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆ 2013ರಲ್ಲೇ ಹೇಳಿದೆ. ಸೌದೆ, ಬೆರಣಿ ಒಲೆಯ ಹೊಗೆಯನ್ನೂ ಕಾರಣವಾಗಿರಬಹುದಾದ ಪಟ್ಟಿಯಲ್ಲಿ ಇಟ್ಟಿದೆ. ನಮ್ಮೂರಿನ ಮಂಡಕ್ಕಿ ಭಟ್ಟಿಗಳ ಮುಂದೆ ಬೆಳಗಿನ ಜಾವದಿಂದ ಕೂರುವವರು ಏನು ಉಸಿರಾಡುತ್ತಾರೆ ಎಂದು ಒಮ್ಮೆ ಆ ಕಡೆ ಹೋಗಿ ನೋಡಿ ಬನ್ನಿ. ಇಂಥವರಿಗೆ ಇದರಿಂದಲೇ ಬಂತು ಎಂದು ಒಬ್ಬೊಬ್ಬರ ವಿಷಯದಲ್ಲಿ ಹೇಳಲು ಬರುವುದಿಲ್ಲ. ಆದರೆ ಆ ಹೊಗೆ ಒಳ್ಳೆಯದು ಮಾಡುವುದಿಲ್ಲ ಎಂದು ಹೇಳಲು ಡಾಕ್ಟರೇ ಆಗಬೇಕಿಲ್ಲ.

ಈಗ ಎರಡನ್ನೂ ಜೋಡಿಸಿ ನೋಡಿ. ಇ.ಜಿ.ಎಫ್.ಆರ್. ದೋಷ ಯಾರಲ್ಲಿ ಹೆಚ್ಚು ಸಿಗುತ್ತದೆ? ಬೀಡಿ ಸೇದದವರಲ್ಲಿ, ಹೆಣ್ಣುಮಕ್ಕಳಲ್ಲಿ. ಅಂದರೆ ಮಾತ್ರೆಯಿಂದ ಅತಿ ಹೆಚ್ಚು ಲಾಭ ಆಗುವವರು ನಮ್ಮ ಅವ್ವಂದಿರು, ಅಕ್ಕಂದಿರು. ಮತ್ತೆ ನಮ್ಮ ಮನೆಗಳಲ್ಲಿ ಯಾರ ಕೆಮ್ಮನ್ನು ತಡವಾಗಿ ಕೇಳಿಸಿಕೊಳ್ಳುತ್ತೇವೆ? ಅವರದ್ದನ್ನೇ. ಗಂಡಸು ಕೆಮ್ಮಿದರೆ ವಾರದೊಳಗೆ ಎಕ್ಸ್‌ರೇ. ಅವ್ವ ಕೆಮ್ಮಿದರೆ "ಒಗ್ಗರಣೆ ಘಾಟು ಇರಬೇಕು" ಎನ್ನುತ್ತೇವೆ. ಅವ್ವನೂ ಹಾಗೇ ಅನ್ನುತ್ತಾಳೆ. ಕೊನೆಗೆ ರೋಗ ಗೊತ್ತಾದ ಮೇಲೆ ಜೀನಿನ ಪರೀಕ್ಷೆ ಮಾಡಿಸಿ ಎಂದರೆ ಮಗ ನನ್ನನ್ನು ಹೊರಗೆ ಕರೆದು "ಅವ್ವಗೆ ವಯಸ್ಸಾತು, ಆ ಟೆಸ್ಟು ಗಿಸ್ಟು ಬ್ಯಾಡ ಬಿಡ್ರಿ ಸಾರ್, ಸಾಲ ಐತಿ" ಎನ್ನುತ್ತಾನೆ. ಅವನು ಕೆಟ್ಟವನಲ್ಲ, ಸಾಲ ನಿಜವಾಗಿಯೂ ಇದೆ. ಆದರೆ ಅದೇ ಮಗ ಅಪ್ಪನಿಗಾದಾಗ ಹೊಲ ಅಡವಿಟ್ಟಿರುತ್ತಾನೆ. ಹೆಣ್ಣು ಗಂಡು ಸಮ ಎಂದು ಎಂಟುನೂರು ವರ್ಷದ ಹಿಂದೆಯೇ ಹೇಳಿದವರ ಮಕ್ಕಳು ನಾವು ಎಂದು ಈ ವೇದಿಕೆಯಿಂದ ಪ್ರತಿ ತಿಂಗಳು ಹೇಳುತ್ತೇವೆ. ಆಸ್ಪತ್ರೆಯ ಬಿಲ್ಲಿನ ಮುಂದೆ ನಿಂತಾಗ ಅದು ನೆನಪಿಗೆ ಬರಬೇಕು.

ತಡವಾಗುವುದಕ್ಕೆ ಇನ್ನೊಂದು ಕಾರಣ ಟಿ.ಬಿ. ಎದೆಯ ಎಕ್ಸ್‌ರೇಯಲ್ಲಿ ಮಚ್ಚೆ ಕಂಡರೆ ನಮ್ಮ ದೇಶದಲ್ಲಿ ಮೊದಲು ನೆನಪಾಗುವುದು ಟಿ.ಬಿ., ಅದು ಸಹಜವೂ ಹೌದು. ಆದರೆ ಕಫದಲ್ಲಿ ಟಿ.ಬಿ. ಸಿಗದೆಯೂ ಅಂದಾಜಿನ ಮೇಲೆ ಆರು ತಿಂಗಳ ಮಾತ್ರೆ ನುಂಗಿಸುತ್ತ ಹೋದರೆ ಒಳಗೆ ಬೇರೆಯದೇ ಬೆಳೆಯುತ್ತಿರಬಹುದು. ಟಿ.ಬಿ. ಮಾತ್ರೆ ಶುರು ಮಾಡಿ ಒಂದೂವರೆ ಎರಡು ತಿಂಗಳಾದರೂ ತೂಕ ಇಳಿಯುತ್ತಲೇ ಇದ್ದರೆ, ಕಫದಲ್ಲಿ ರಕ್ತ ಬಂದರೆ, ದನಿ ಒಡೆದು ಹಾಗೇ ಉಳಿದರೆ, ಸಿ.ಟಿ. ಸ್ಕ್ಯಾನ್ ಬೇಕೇ ಎಂದು ನೀವೇ ಕೇಳಿ. ಕೇಳಿದರೆ ಒಳ್ಳೆಯ ವೈದ್ಯರು ಸಿಟ್ಟಾಗುವುದಿಲ್ಲ.

"ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಕೆರಳುತ್ತದೆ, ಹರಡುತ್ತದೆ" ಎಂಬ ಮಾತು ಹರಿಹರದಿಂದ ಹರಪನಹಳ್ಳಿವರೆಗೆ ಎಲ್ಲ ಊರಲ್ಲೂ ಇದೆ. ಈಗಾಗಲೇ ಮೂಳೆಗೆ ಹೋಗಿರುವ ರೋಗವನ್ನು ಸೂಜಿ ಹರಡಿಸಬೇಕಾಗಿಲ್ಲ. ಆ ತುಣುಕು ಇಲ್ಲದೆ ಯಾವ ಬಗೆ, ಯಾವ ದೋಷ ಎಂದು ಗೊತ್ತಾಗುವುದಿಲ್ಲ. ಎದೆಯಲ್ಲಿ ನೀರು ತುಂಬಿದ್ದರೆ ಆ ನೀರಿನಲ್ಲಿರುವ ಕೋಶಗಳಿಂದಲೂ ಪರೀಕ್ಷೆ ಆಗುತ್ತದೆ.

ಹಣದ ಮಾತಾಡಬೇಕು. ಜೆಫಿಟಿನಿಬ್, ಎರ್ಲೋಟಿನಿಬ್ ಈಗ ನಮ್ಮ ದೇಶದ ಕಂಪನಿಗಳೇ ತಯಾರಿಸುತ್ತವೆ, ತಿಂಗಳಿಗೆ ಕೆಲವು ಸಾವಿರದಲ್ಲಿ ಸಿಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇವನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಅದೇ ವರ್ಷ ನಮ್ಮ ಕೇಂದ್ರ ಸರ್ಕಾರ 42 ಕ್ಯಾನ್ಸರ್ ಔಷಧಗಳ ಮಾರಾಟದ ಲಾಭಕ್ಕೆ ಮಿತಿ ಹಾಕಿತು. ಆಸಿಮರ್ಟಿನಿಬ್ ಬೆಲೆ ಹಳೆಯ ಮಾತ್ರೆಗಳ ಹಲವು ಪಟ್ಟು. 2024ರ ಬಜೆಟ್ಟಿನಲ್ಲಿ ಆಮದು ಸುಂಕ ತೆಗೆದ ಮೂರು ಕ್ಯಾನ್ಸರ್ ಔಷಧಗಳಲ್ಲಿ ಇದೂ ಒಂದು. ಆದರೂ ನಮ್ಮ ಮಧ್ಯಮ ವರ್ಗದ ಕೈಗೆ ಭಾರವೇ. ದುಬಾರಿಯದ್ದು ಕೊಡಿಸಲಾಗಲಿಲ್ಲ ಎಂದು ಕೊರಗಿ ಚಿಕಿತ್ಸೆಯನ್ನೇ ಬಿಡುವವರಿಗೆ ನಾನು ಮುಂಬಯಿಯ ಆ 16 ತಿಂಗಳ ಲೆಕ್ಕ ಹೇಳುತ್ತೇನೆ. ಅದರಲ್ಲಿದ್ದದ್ದು ಅಗ್ಗದ ಮಾತ್ರೆ ಮತ್ತು ಹಳೆಯ ಕೀಮೋ.

ಬಿ.ಪಿ.ಎಲ್. ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎ.ಪಿ.ಎಲ್. ಆದರೆ ಪ್ಯಾಕೇಜ್ ದರದ ನೂರಕ್ಕೆ 30 ಭಾಗ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಯಾವ ಮಾತ್ರೆ ಇದರಲ್ಲಿ ಬರುತ್ತದೆ, ಜೀನಿನ ಪರೀಕ್ಷೆ ಬರುತ್ತದೆಯೇ ಎಂದು ದಾಖಲಾಗುವ ದಿನವೇ ಆರೋಗ್ಯಮಿತ್ರರನ್ನು ಕೇಳಿ, ಬಿಲ್ಲು ಬಂದ ಮೇಲಲ್ಲ. ಕೆಲವು ಔಷಧ ಕಂಪನಿಗಳು ಪರೀಕ್ಷೆಯ ಖರ್ಚು ತಾವೇ ಕೊಡುತ್ತವೆ. ಅವರಿಗೆ ಅದರಲ್ಲಿ ವ್ಯಾಪಾರ ಇದೆ, ಇರಲಿ, ನಮಗೆ ರಿಪೋರ್ಟು ಸಿಕ್ಕರಾಯಿತು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಿಂದ ಬಡವರ ಕ್ಯಾನ್ಸರ್ ಆಸ್ಪತ್ರೆಯಾಗಿ ನಿಂತಿದೆ, ರೋಗಿಯ ಜೊತೆ ಹೋದವರು ಉಳಿಯಲು ಧರ್ಮಶಾಲೆಯೂ ಇದೆ. ನಮ್ಮ ಮಠಗಳಲ್ಲಿ, ಸಮಾಜದ ಸಂಘಗಳಲ್ಲಿ ದಾಸೋಹ ನಿಧಿ ಇಟ್ಟವರಿಗೆ ಒಂದು ವಿನಂತಿ: ಕ್ಯಾನ್ಸರಿನವರಿಗೆ ಸಹಾಯ ಮಾಡುವುದಾದರೆ ಮೊದಲು ಆ ಒಂದು ಪರೀಕ್ಷೆಯ ಖರ್ಚು ಕೊಡಿ. ಮುಂದಿನ ಲಕ್ಷಗಳು ಸರಿಯಾದ ದಾರಿಯಲ್ಲಿ ಹೋಗುವುದು ಅದರಿಂದಲೇ.

ಮನೆಯಲ್ಲಿ ಮಾತ್ರೆ ನುಂಗುವವರಿಗೆ ಕೆಲವು ಮಾತು. ಕೀಮೋ ಅಲ್ಲವಲ್ಲ, ಏನೂ ಆಗುವುದಿಲ್ಲ ಎಂದುಕೊಳ್ಳಬೇಡಿ. ಮುಖ, ಎದೆಯ ಮೇಲೆ ಮೊಡವೆಯಂಥ ಗುಳ್ಳೆ ಏಳುತ್ತವೆ, ಭೇದಿ ಆಗುತ್ತದೆ, ಉಗುರಿನ ಸುತ್ತ ಕೀವಾಗುತ್ತದೆ. ಗುಳ್ಳೆ ಎದ್ದರೆ ಯಾರದೋ ದೃಷ್ಟಿ ಅಲ್ಲ, ಅಮ್ಮನೂ ಅಲ್ಲ, ಮಾತ್ರೆಯ ಪರಿಣಾಮ. ಡಾಕ್ಟರಿಗೆ ತೋರಿಸಿ, ಮಾತ್ರೆ ನೀವೇ ನಿಲ್ಲಿಸಬೇಡಿ. ಇದ್ದಕ್ಕಿದ್ದ ಹಾಗೆ ಏದುಸಿರು, ಒಣ ಕೆಮ್ಮು ಹೆಚ್ಚಾದರೆ ಮಾತ್ರ ಆ ದಿನವೇ ಆಸ್ಪತ್ರೆಗೆ ಹೋಗಿ, ಶ್ವಾಸಕೋಶದ ಉರಿಯೂತ ಅಪರೂಪವಾದರೂ ಜೀವಕ್ಕೆ ಅಪಾಯ. ಇನ್ನೊಂದು, ನಮ್ಮಲ್ಲಿ ಮನೆಮನೆಯಲ್ಲಿ ಗ್ಯಾಸಿನ ಮಾತ್ರೆ ಇದೆ. ಜೆಫಿಟಿನಿಬ್, ಎರ್ಲೋಟಿನಿಬ್ ಹೊಟ್ಟೆಯ ಆಮ್ಲ ಇದ್ದರೇ ಸರಿಯಾಗಿ ಹೀರಿಕೆಯಾಗುವುದು. ದಿನಾ ಬೆಳಗ್ಗೆ ಗ್ಯಾಸಿನ ಮಾತ್ರೆ ನುಂಗಿ ಅದರ ಹಿಂದೆಯೇ ಇದನ್ನು ನುಂಗಿದರೆ ಔಷಧದ ಬಲ ಕುಗ್ಗುತ್ತದೆ. ಸೋಮವಾರ ಉಪವಾಸ ಮಾಡುವವರು ಜೆಫಿಟಿನಿಬ್, ಆಸಿಮರ್ಟಿನಿಬ್ ಖಾಲಿ ಹೊಟ್ಟೆಯಲ್ಲೂ ತೆಗೆದುಕೊಳ್ಳಬಹುದು. ಎರ್ಲೋಟಿನಿಬ್ ಅಂತೂ ಯಾವಾಗಲೂ ಖಾಲಿ ಹೊಟ್ಟೆಯಲ್ಲೇ. ಕೀಮೋ ತೆಗೆದುಕೊಳ್ಳುವವರಿಗೆ ಜ್ವರ ಬಂದರೆ ಕ್ರೋಸಿನ್ ನುಂಗಿ ಬೆಳಗಾಗಲಿ ಎಂದು ಕಾಯಬೇಡಿ. ಬಿಳಿ ರಕ್ತಕಣ ಇಳಿದಾಗ ಬರುವ ಜ್ವರ ಒಂದೇ ರಾತ್ರಿಯಲ್ಲಿ ಕೈ ಮೀರುತ್ತದೆ. ಪೆಮೆಟ್ರೆಕ್ಸೆಡ್ ಕೊಡುವಾಗ ಫೋಲಿಕ್ ಆಸಿಡ್ ಮಾತ್ರೆ, ಬಿ12 ಇಂಜೆಕ್ಷನ್ ಬರೆದಿರುತ್ತಾರೆ. "ಟಾನಿಕ್ಕು, ತಗೊಂಡ್ರಾತು ಬಿಟ್ರಾತು" ಎಂದುಕೊಳ್ಳುತ್ತಾರೆ ಜನ. ಅದು ಟಾನಿಕ್ಕಲ್ಲ, ಅದಿಲ್ಲದೆ ಆ ಕೀಮೋ ವಿಷವಾಗುತ್ತದೆ.

ಕೊನೆಗೊಂದು ವಿಷಯ, ಅಷ್ಟು ಸುಲಭದ್ದಲ್ಲ. 2010ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರು ಇದೇ ನಾಲ್ಕನೆಯ ಹಂತದ 151 ರೋಗಿಗಳ ಮೇಲೆ ಮಾಡಿದ ಕೆಲಸ ಪ್ರಕಟಿಸಿದರು. ಎಲ್ಲರಿಗೂ ಚಿಕಿತ್ಸೆ ಇತ್ತು. ಅರ್ಧ ಜನರಿಗೆ ಮೊದಲ ದಿನದಿಂದಲೇ ಉಪಶಮನ ಚಿಕಿತ್ಸೆಯವರೂ ಜೊತೆಗಿದ್ದರು, ಅಂದರೆ ನೋವು, ಏದುಸಿರು, ಭಯ, ನಿದ್ದೆ, ಮನೆಯವರ ಚಿಂತೆ ಇವನ್ನು ನೋಡಿಕೊಳ್ಳುವವರು. ಅಂಥವರು ಹೆಚ್ಚು ನೆಮ್ಮದಿಯಾಗಿದ್ದರು, ಮತ್ತೆ ಹೆಚ್ಚು ಕಾಲವೂ ಬದುಕಿದರು: 11.6 ತಿಂಗಳು, ಉಳಿದವರು 8.9 ತಿಂಗಳು. ಕೊನೆಯ ದಿನಗಳಲ್ಲಿ ಐ.ಸಿ.ಯು., ನಳಿಕೆ ಎಂದು ಒದ್ದಾಡಿದ್ದೂ ಕಡಿಮೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕರುಣಾಶ್ರಯ ಇಂಥ ಸೇವೆಯನ್ನು ಉಚಿತವಾಗಿ ಮಾಡುತ್ತಿದೆ. ಉಪಶಮನ ಎಂದರೆ "ಕೈಬಿಟ್ಟರು" ಎಂದು ಜನ ತಿಳಿಯುತ್ತಾರೆ, ಹಾಗಲ್ಲ. ಇನ್ನು ಯಂತ್ರ ಬೇಡ ಎಂದು ಹೇಳುವ ಹಕ್ಕು ರೋಗಿಗೆ ಇದೆ. ಸುಪ್ರೀಂ ಕೋರ್ಟು 2018ರಲ್ಲಿ ಅದನ್ನು ಒಪ್ಪಿತು, ನಮ್ಮ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಅದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ನಮ್ಮ ದಾವಣಗೆರೆಯವರು.

ಆ ಹಕ್ಕು ಬಳಸಬೇಕಾದರೆ ರೋಗಿಗೆ ತನ್ನ ರೋಗ ಏನೆಂದು ಗೊತ್ತಿರಬೇಕಲ್ಲವೇ? "ಅಪ್ಪಗೆ ಹೇಳಬ್ಯಾಡ್ರಿ, ಎದಿ ಒಡಕೋತಾನ" ಎಂದು ಕೈ ಮುಗಿಯುತ್ತಾರೆ. ಮೂರು ವಾರಕ್ಕೊಮ್ಮೆ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಬರುವ ಅಪ್ಪನಿಗೆ ಗೊತ್ತಿರುವುದಿಲ್ಲವೇ? ಗೊತ್ತಿರುತ್ತದೆ. ಮಕ್ಕಳಿಗೆ ನೋವಾಗದಿರಲಿ ಎಂದು ಅವನೂ ಸುಮ್ಮನಿರುತ್ತಾನೆ. ಹೀಗೆ ಒಂದೇ ಮನೆಯಲ್ಲಿ ಎಲ್ಲರೂ ಒಬ್ಬೊಬ್ಬರೇ ಅಳುತ್ತಾರೆ. "ಯಾವ ಪಾಪದ ಫಲ" ಎಂದೂ ಕೇಳುತ್ತಾರೆ. ಜೀನಿನ ಒಂದು ಅಕ್ಷರ ತಪ್ಪಾಗುವುದಕ್ಕೆ ಪಾಪ ಪುಣ್ಯ ಗೊತ್ತಿಲ್ಲ.

(ಮಾತಿನ ನಂತರ ಕೆಲವರು ಪ್ರಶ್ನೆ ಕೇಳಿದರು. ಅವುಗಳಲ್ಲಿ ಮೂರನ್ನು ಇಲ್ಲಿ ಕೊಟ್ಟಿದೆ.)

ಒಬ್ಬ ತಾಯಿ: ಡಾಕ್ಟ್ರೇ, ಶಕ್ತಿ ಬರಬೇಕಂದ್ರೆ ಮೊಟ್ಟೆ ತಿನ್ನಲೇಬೇಕು ಅಂತ ಆಸ್ಪತ್ರೆಯಲ್ಲಿ ಹೇಳಿದರು. ನಮ್ಮ ಮನೆಯಲ್ಲಿ ಅದು ಬರೋದಿಲ್ಲ. ಏನು ಮಾಡಬೇಕು?

ಉತ್ತರ: ತಿನ್ನುವವರು ತಿನ್ನಲಿ, ತಿನ್ನದವರು ಅದಕ್ಕಾಗಿ ಚಿಂತೆ ಮಾಡಬೇಡಿ, ತಾಯಿ. ಬೇಕಾದದ್ದು ಪ್ರೋಟೀನು. ಮೊಳಕೆ ಕಾಳಿನ ಪಲ್ಯ, ಬೇಳೆ, ಗಟ್ಟಿ ಮೊಸರು, ಹಾಲು, ಪನೀರು, ಶೇಂಗಾ ಚಟ್ನಿ, ಇವುಗಳಲ್ಲಿ ಸಿಗುತ್ತದೆ. ರೊಟ್ಟಿ ಅಗಿಯಲು ಬಾಯಿ ಹುಣ್ಣು ಬಿಡದಿದ್ದರೆ ಹಾಲಿನಲ್ಲಿ ನೆನೆಸಿ ಕೊಡಿ. ಒಂದೇ ಸಲ ತಟ್ಟೆ ತುಂಬ ಬಡಿಸಿ "ಉಣ್ಣು ಉಣ್ಣು" ಎನ್ನಬೇಡಿ, ಎರಡು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ಭೇದಿ ಇದ್ದ ದಿನ ಗಂಜಿ, ಅನ್ನ ಮಜ್ಜಿಗೆ, ಓ.ಆರ್.ಎಸ್. ನೀರು.

ಇನ್ನೊಬ್ಬರು: ರೋಗ ಬಂದಾಗಿದೆ, ಇನ್ನು ಬೀಡಿ ಬಿಟ್ಟರೇನು, ಸೇದಿದರೇನು?

ಉತ್ತರ: ವ್ಯತ್ಯಾಸ ಇದೆ. ಎರ್ಲೋಟಿನಿಬ್ ತೆಗೆದುಕೊಳ್ಳುತ್ತ ಬೀಡಿ ಸೇದಿದರೆ ಔಷಧ ರಕ್ತದಲ್ಲಿ ಬೇಗ ಕರಗಿಹೋಗುತ್ತದೆ, ದುಡ್ಡು ಕೊಟ್ಟು ತಂದ ಮಾತ್ರೆ ಅರ್ಧ ಹೊಗೆಯಲ್ಲೇ ಹೋದ ಹಾಗೆ. ಏದುಸಿರೂ ಹೆಚ್ಚುತ್ತದೆ. ಬಿಟ್ಟರೆ ಎಷ್ಟೋ ಸಮಾಧಾನ ಇರುತ್ತದೆ.

ಮತ್ತೊಬ್ಬರು: ನಾಳೆ ನಮ್ಮ ಅಕ್ಕನ್ನ ಕರಕೊಂಡು ಬೆಂಗಳೂರಿಗೆ ಹೊರಟೀವಿ. ಇಲ್ಲಿ ಬಯಾಪ್ಸಿ ಆಗೇತಿ. ಏನೇನು ತಗೊಂಡು ಹೋಗಬೇಕು?

ಉತ್ತರ: ಬರೀ ರಿಪೋರ್ಟಿನ ಕಾಗದ ಸಾಲದು. ಬಯಾಪ್ಸಿಯ ತುಣುಕನ್ನು ಮೇಣದ ಗಟ್ಟಿಯಲ್ಲಿ ಇಟ್ಟಿರುತ್ತಾರೆ, ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಜೊತೆಗೆ ಗಾಜಿನ ಸ್ಲೈಡುಗಳಿರುತ್ತವೆ. ಇಲ್ಲಿನ ಲ್ಯಾಬಿನಲ್ಲಿ ಅರ್ಜಿ ಬರೆದುಕೊಟ್ಟು ಎರಡನ್ನೂ ಕೇಳಿ ಪಡೆಯಿರಿ. ಜೀನಿನ ಪರೀಕ್ಷೆ ಆಗುವುದು ಆ ಬ್ಲಾಕಿನಿಂದಲೇ. ಅದಿಲ್ಲದಿದ್ದರೆ ಮತ್ತೆ ಸೂಜಿ ಹಾಕಬೇಕಾಗುತ್ತದೆ, ಇಲ್ಲವೇ ಅದಕ್ಕಾಗಿಯೇ ಯಾರಾದರೂ ದಾವಣಗೆರೆಗೆ ಬಂದು ಹೋಗಬೇಕಾಗುತ್ತದೆ. ಬ್ಲಾಕನ್ನು ಬಿಸಿಲಿಗೆ ಇಡಬೇಡಿ, ಬಸ್ಸಿನ ಇಂಜಿನ್ ಹತ್ತಿರ ಇಡಬೇಡಿ, ಮೇಣ ಕರಗುತ್ತದೆ. ಸಿ.ಟಿ. ಸ್ಕ್ಯಾನಿನ ಸಿ.ಡಿ., ಆಧಾರ್, ರೇಷನ್ ಕಾರ್ಡು, ಅಕ್ಕ ಈಗ ನುಂಗುತ್ತಿರುವ ಎಲ್ಲ ಮಾತ್ರೆಯ ಚೀಟಿ ಇಟ್ಟುಕೊಳ್ಳಿ, ನಾಟಿ ಔಷಧ ಇದ್ದರೆ ಅದೂ. ಇವತ್ತು ಸಂಜೆ ಆರರೊಳಗೆ ಲ್ಯಾಬಿಗೆ ಹೋದರೆ ಬ್ಲಾಕ್ ಸಿಗಬಹುದು. ಗೋಷ್ಠಿ ಮುಗಿಯುವ ತನಕ ಕೂರಬೇಡಿ, ಈಗಲೇ ಹೊರಡಿ.